ಕೋಲಾ ಕಾಯಿಗೆ ಇಂಗ್ಲಿಷ್ ಕೇಳಿಸುವುದಿಲ್ಲ

ಆಗ್ನೇಯ ನೈಜೀರಿಯಾದ ಇಗ್ಬೊ ಜನರ ಮನೆಗೆ ಯಾರೇ ಹೋದರೂ ಮೊದಲು ಎದುರಿಗೆ ಬರುವುದು ಕೋಲಾ ಕಾಯಿ. ನಮ್ಮಲ್ಲಿ ಎಲೆ ಅಡಿಕೆ ತಟ್ಟೆ ಬಂದ ಹಾಗೆ. ಆದರೆ ತಟ್ಟೆ ಮುಂದಿಟ್ಟು 'ತಗೊಳ್ಳಿ' ಅಂದರೆ ಕೆಲಸ ಮುಗಿಯುವುದಿಲ್ಲ. ಮನೆಯವನು ಅದನ್ನು ಬಂದವರಿಗೆ ತೋರಿಸಬೇಕು. ಬಂದವರು ನೋಡಿ, ಮುಟ್ಟಿ ವಾಪಸ್ ಕೊಡಬೇಕು. ದೊಡ್ಡ ಸಭೆಯಾದರೆ ತಟ್ಟೆ ಕೈಯಿಂದ ಕೈಗೆ ದಾಟುತ್ತ, ಊರು ಮತ್ತು ನೆಂಟಸ್ತಿಕೆಯ ಲೆಕ್ಕದಲ್ಲಿ ಒಂದು ಸುತ್ತು ಹಾಕಬೇಕು. ಆಮೇಲೆ ಹಿರಿಯರೊಬ್ಬರು ಕಾಯಿಯನ್ನು ಕೈಯಲ್ಲಿ ಹಿಡಿದು ದೇವರನ್ನೂ ತೀರಿಹೋದ ಹಿರೀಕರನ್ನೂ ಕರೆದು ಬೇಡಿಕೊಳ್ಳುತ್ತಾರೆ. ಒಡೆದಾಗ ಎಷ್ಟು ಹೋಳಾಯಿತು ಎಂದು ಎಲ್ಲರೂ ಬಗ್ಗಿ ನೋಡುತ್ತಾರೆ. ನಾಲ್ಕಾದರೆ ಸಂತೋಷ. ಇಗ್ಬೊ ವಾರಕ್ಕೂ ನಾಲ್ಕೇ ದಿನ: ಎಕೆ, ಒರಿಯೆ, ಅಫೊ, ಎಂಕ್ವೊ. ನಾಲ್ಕೂ ಸಂತೆಯ ಹೆಸರುಗಳು.

ಈ ಪ್ರಾರ್ಥನೆ ಇಗ್ಬೊದಲ್ಲೇ ಆಗಬೇಕು. ಕೋಲಾ ಕಾಯಿಗೆ ಇಂಗ್ಲಿಷ್ ಕೇಳಿಸುವುದಿಲ್ಲ ಎಂದು ಅವರಲ್ಲಿ ಒಂದು ಮಾತೇ ಇದೆ. ಊರು ಬಿಟ್ಟು ಪರದೇಶ ಸೇರಿದವರ ಸಂಘದ ಸಭೆಗಳಲ್ಲೂ ಈ ಮಾತನ್ನು ನೆನಪಿಸುತ್ತಾರೆ.

ತಮಾಷೆ ನೋಡಿ, ಇಂಗ್ಲಿಷ್ ಬಾರದ ಈ ಕಾಯಿಯ ಪರಿಚಯ ಜಗತ್ತಿಗೆ ಆದದ್ದು ಇಂಗ್ಲಿಷ್ ಕಾದಂಬರಿಗಳಿಂದ. ಇಗ್ಬೊ ಲೇಖಕ ಚಿನುವಾ ಅಚೆಬೆ 1958ರಲ್ಲಿ 'ಥಿಂಗ್ಸ್ ಫಾಲ್ ಅಪಾರ್ಟ್' ಪ್ರಕಟಿಸಿದಾಗ ಅವರಿಗೆ 27 ವರ್ಷ. ಐವತ್ತಕ್ಕೂ ಹೆಚ್ಚು ಭಾಷೆಗಳಿಗೆ ಹೋದ ಪುಸ್ತಕ ಅದು. ನಾನು ಅದನ್ನು ಮೊದಲು ಓದಿದ್ದು ಕಾಲೇಜಿನಲ್ಲಿ, ಪರೀಕ್ಷೆಗೆ. 'ಈ ಕಾದಂಬರಿಯಲ್ಲಿ ಬರುವ ಇಗ್ಬೊ ಸಂಸ್ಕೃತಿ ಮತ್ತು ಸಂಪ್ರದಾಯ ಕುರಿತು ಬರೆಯಿರಿ' ಎಂಬುದು ಖಾಯಂ ಪ್ರಶ್ನೆ. ಉತ್ತರವೂ ಖಾಯಂ. ಕೋಲಾ ಕಾಯಿ, ಯಾಮ್ ಗೆಡ್ಡೆ, ಕುಸ್ತಿ, ಗಾದೆ, ಮುಖವಾಡ, ಹಲವು ಹೆಂಡಿರು. ಕೊನೆಗೆ 'ಬಿಳಿಯರು ಬಂದು ಎಲ್ಲ ಹಾಳಾಯಿತು' ಅಂತ ಒಂದು ಸಾಲು. ನನಗೂ ಒಳ್ಳೆಯ ಅಂಕ ಬಂತು. ಆ ಉತ್ತರ ಎಷ್ಟು ತಪ್ಪು ಎಂದು ಹೊಳೆಯಲು ವರ್ಷಗಳೇ ಬೇಕಾದವು.

ಈಗ ಅದೇ ಪಟ್ಟಿ ಇನ್ನೊಂದು ರೂಪದಲ್ಲಿ ಮತ್ತೆ ಎದ್ದಿದೆ. ಈ ಕಾದಂಬರಿ ಟಿವಿ ಸರಣಿಯಾಗಲಿದೆ, ನಾಯಕ ಒಕೊಂಕ್ವೊನ ಪಾತ್ರ ಇದ್ರಿಸ್ ಎಲ್ಬಾ ಅವರದು ಎಂದು 2024ರಲ್ಲಿ ಸುದ್ದಿ ಬಂತು. ಎಲ್ಬಾ ಹುಟ್ಟಿದ್ದು ಲಂಡನ್ನಿನಲ್ಲಿ. ತಂದೆ ಸಿಯೆರಾ ಲಿಯೋನ್‌ನವರು, ತಾಯಿ ಘಾನಾದವರು. ನೈಜೀರಿಯಾದ ಜಾಲತಾಣಗಳಲ್ಲಿ ಜಗಳ ಶುರುವಾಯಿತು. ಇಗ್ಬೊ ಅಲ್ಲದವರು ಒಕೊಂಕ್ವೊ ಆಗುವುದು ಹೇಗೆ? ಆ ಉಚ್ಚಾರ, ಆ ನಡಿಗೆ, ಕೋಲಾ ಹಿಡಿಯುವ ಕೈ ಎಲ್ಲಿಂದ ಬರುತ್ತೆ? 1987ರಲ್ಲಿ ನೈಜೀರಿಯಾದ ಸರ್ಕಾರಿ ಟಿವಿ ಮಾಡಿದ ಸರಣಿಯಲ್ಲಿ ಆ ಪಾತ್ರ ಮಾಡಿದವರು ಇಗ್ಬೊ ನಟ ಪೀಟ್ ಎಡೋಚಿ. ಅದನ್ನು ನೋಡಿ ಬೆಳೆದವರಿಗೆ ಒಕೊಂಕ್ವೊ ಎಂದರೆ ಇವತ್ತಿಗೂ ಅವರ ಮುಖವೇ.

ಈ ಕೋಪ ನನಗೆ ಅರ್ಥವಾಗುತ್ತದೆ. ಆದರೆ ಅದರ ಕೆಳಗೆ ಒಂದು ನಂಬಿಕೆ ಇದೆಯಲ್ಲ, ಕಾದಂಬರಿ ಎಂದರೆ ಸಂಪ್ರದಾಯವನ್ನು ಜೋಪಾನವಾಗಿ ಮಡಿಸಿಟ್ಟ ಪೆಟ್ಟಿಗೆ ಎಂಬ ನಂಬಿಕೆ, ಅದನ್ನು ಒಪ್ಪಲು ಆಗುವುದಿಲ್ಲ. ಇಗ್ಬೊ ಕಾದಂಬರಿಕಾರರು ಸಂಪ್ರದಾಯವನ್ನು ಕಾಯಲು ಹೊರಟವರಲ್ಲ. ಅದರ ಜೊತೆ ವಾದಕ್ಕೆ ಕೂತವರು. ಹಾಗೆ ಕೂರುವುದೂ ಇಗ್ಬೊ ಪದ್ಧತಿಯೇ. ಒಂದು ನಿಂತಲ್ಲಿ ಅದರ ಪಕ್ಕ ಇನ್ನೊಂದು ನಿಲ್ಲುತ್ತದೆ ಎಂಬ ಅವರ ಗಾದೆಯನ್ನು ಅಚೆಬೆ ಮತ್ತೆ ಮತ್ತೆ ಹೇಳುತ್ತಿದ್ದರು.

ಅಚೆಬೆ ಬೆಳೆದ ಮನೆಯೇ ಹಾಗಿತ್ತು. ಹುಟ್ಟಿದ್ದು 1930ರಲ್ಲಿ, ಓಗಿಡಿ ಎಂಬ ಊರಿನಲ್ಲಿ. ತಂದೆ ಮಿಷನ್ನಿನ ಉಪದೇಶಿ. ಮಗನಿಗಿಟ್ಟ ಹೆಸರು ಆಲ್ಬರ್ಟ್, ರಾಣಿ ವಿಕ್ಟೋರಿಯಾಳ ಗಂಡನ ಹೆಸರು. ಊರಿನ ಹಳೆಯ ಪದ್ಧತಿಯವರನ್ನು ಮಿಷನ್ ಮನೆಯವರು 'ಅಜ್ಞಾನಿಗಳು' ಅಂತ ದೂರ ಇಟ್ಟಿದ್ದರು. ಆದರೆ ಹಬ್ಬದ ದಿನ ಹುಡುಗ ಆಲ್ಬರ್ಟ್ ತಂಗಿಯ ಜೊತೆ ಆ ಮನೆಗಳಿಗೆ ನುಗ್ಗಿ ಊಟ ಹೊಡೆದು ಬರುತ್ತಿದ್ದ. ಅವರ ಅನ್ನ ಸಾರಿನಲ್ಲಿ ವಿಗ್ರಹಪೂಜೆಯ ರುಚಿ ಏನೂ ಕಾಣಲಿಲ್ಲ ಎಂದು ದೊಡ್ಡವರಾದ ಮೇಲೆ ಬರೆದರು. ಅಂದರೆ ಈ ಮನುಷ್ಯ ಸಂಪ್ರದಾಯವನ್ನು ಬೇಲಿಯಾಚೆ ನಿಂತು ನೋಡಿದವರು. ಒಳಗೇ ಇದ್ದವರಿಗೆ ಕಾಣದ್ದು ಅವರಿಗೆ ಕಂಡಿತು.

ಏನು ಕಂಡಿತು? ಆ ಮೊದಲ ಕಾದಂಬರಿಯಿಂದ ಒಂದು ಸಣ್ಣ ಜಾಗ ತೋರಿಸುತ್ತೇನೆ. ಬಿತ್ತನೆಗೆ ಮುಂಚೆ ಒಂದು ವಾರ ಊರಿನಲ್ಲಿ ಯಾರೂ ಯಾರಿಗೂ ಗಟ್ಟಿಯಾಗಿ ಬೈಯುವಂತಿಲ್ಲ. ಅದು ಭೂಮಿತಾಯಿ ಅನಿಯ ಶಾಂತಿ ವಾರ. ಒಕೊಂಕ್ವೊ ಆ ವಾರದಲ್ಲೇ ಹೆಂಡತಿಗೆ ಹೊಡೆಯುತ್ತಾನೆ. ದಂಡ ಬೀಳುತ್ತದೆ: ಒಂದು ಹೆಣ್ಣು ಮೇಕೆ, ಒಂದು ಕೋಳಿ, ಒಂದಷ್ಟು ಬಟ್ಟೆ, ನೂರು ಕವಡೆ. ಪರೀಕ್ಷೆಯ ಉತ್ತರದಲ್ಲಿ ಇಷ್ಟು ಬರೆದು ಮುಂದೆ ಹೋಗುತ್ತಿದ್ದೆವು. ಆದರೆ ಮುಂದಿನ ಪುಟದಲ್ಲಿ ಊರಿನ ಅತಿ ಹಿರಿಯ ಎಜೆಯುಡು ಒಂದು ಮಾತು ಹೇಳುತ್ತಾನೆ. ಹಿಂದಿನ ಕಾಲದಲ್ಲಿ ಶಾಂತಿ ಮುರಿದವನನ್ನು ಊರ ತುಂಬ ನೆಲದ ಮೇಲೆ ಎಳೆದಾಡಿ ಸಾಯಿಸುತ್ತಿದ್ದರಂತೆ. ಆಮೇಲೆ ನಿಲ್ಲಿಸಿದರಂತೆ. ಯಾಕೆ? ಕಾಪಾಡಬೇಕಾದ ಶಾಂತಿಯನ್ನು ಆ ಶಿಕ್ಷೆಯೇ ಕೆಡಿಸುತ್ತಿತ್ತು ಅಂತ.

ಬಿಳಿಯರು ಇನ್ನೂ ಆ ಊರಿನ ಹತ್ತಿರ ಸುಳಿದಿಲ್ಲ. ಪಾದ್ರಿ ಇಲ್ಲ, ಕೋರ್ಟ್ ಇಲ್ಲ. ಆದರೂ ಊರು ತನ್ನ ಕಟ್ಟಳೆಯನ್ನು ತಾನೇ ಯೋಚಿಸಿ ಬದಲಿಸಿಕೊಂಡಿದೆ. ಇಡೀ ಕಾದಂಬರಿಯ ಬೀಗದ ಕೈ ಇಲ್ಲಿದೆ ಎನಿಸುತ್ತದೆ ನನಗೆ. ಒಕೊಂಕ್ವೊ ಸಂಪ್ರದಾಯದ ಪ್ರತಿನಿಧಿ ಅಲ್ಲವೇ ಅಲ್ಲ. ಅವನು ಸಂಪ್ರದಾಯದ ಒಂದೇ ಒಂದು ತುದಿ, ಗಂಡಸುತನದ ತುದಿ, ಹಿಡಿದು ಜೋತುಬಿದ್ದವನು. ತನ್ನನ್ನು ಅಪ್ಪ ಎಂದು ಕರೆಯುವ ಹುಡುಗನನ್ನು ಕೊಲ್ಲಲು ಕತ್ತಿ ಎತ್ತಬೇಡ ಎಂದು ಎಜೆಯುಡು ಮೊದಲೇ ಹೇಳಿರುತ್ತಾನೆ. ಒಕೊಂಕ್ವೊ ಕೇಳದೆ ಕೊಲ್ಲುತ್ತಾನೆ. ಗೆಳೆಯ ಒಬಿಯೆರಿಕಾ ಆಮೇಲೆ ಬೈಯುತ್ತಾನೆ. ಎಜೆಯುಡು, ಒಬಿಯೆರಿಕಾ ಇಬ್ಬರೂ ಅದೇ ಸಂಪ್ರದಾಯದವರು. ಯಾರ ಮಾತು ನಿಜವಾದ ಇಗ್ಬೊ ಸಂಪ್ರದಾಯ?

ಇನ್ನು ಬಿಳಿಯರ ವಿಷಯ. ಅಬಾಮೆ ಎಂಬ ಊರಿಗೆ ಒಬ್ಬ ಬಿಳಿಯ ಸೈಕಲ್ಲಿನಲ್ಲಿ ಬರುತ್ತಾನೆ. ಜನ ಅವನನ್ನು ಕೊಂದು ಸೈಕಲ್ಲನ್ನು ದೇವರ ಮರಕ್ಕೆ ಕಟ್ಟಿಹಾಕುತ್ತಾರೆ. ಬಿಟ್ಟರೆ ಆ ಕಬ್ಬಿಣದ ಕುದುರೆ ಓಡಿಹೋಗಿ ಅವನ ಕಡೆಯವರನ್ನು ಕರೆತರುತ್ತದೆ ಎಂಬ ಭಯ. ಓದುವಾಗ ನಗು ಬರುತ್ತದೆ. ಆಮೇಲೆ ಸಂತೆಯ ದಿನ ಸೈನ್ಯ ಬಂದು ಊರಿಗೆ ಊರನ್ನೇ ಕೊಲ್ಲುತ್ತದೆ. ಇದು ಕಟ್ಟುಕತೆಯಲ್ಲ. 1905ರಲ್ಲಿ ಅಹಿಯಾರಾ ಎಂಬ ಊರಿನ ಹತ್ತಿರ ಸೈಕಲ್ಲಿನಲ್ಲಿ ಹೊರಟಿದ್ದ ಬ್ರಿಟಿಷ್ ವೈದ್ಯನೊಬ್ಬ ದಾರಿ ತಪ್ಪಿ, ಜನರ ಕೈಗೆ ಸಿಕ್ಕಿ ಸತ್ತ. ಸೇಡಿಗೆ ಬಂದ ಸೈನ್ಯ ಆ ಸೀಮೆಯ ಊರುಗಳನ್ನು ಸುಟ್ಟಿತು.

ಅಚೆಬೆ ಅವರ ಪುಸ್ತಕಗಳಲ್ಲಿ ನನಗೆ ಜಾಸ್ತಿ ಇಷ್ಟ 1964ರ 'ಆರೋ ಆಫ್ ಗಾಡ್'. ಸಂಪ್ರದಾಯ ಒಳಗಿನಿಂದ ಹೇಗೆ ಬಿರುಕು ಬಿಡುತ್ತದೆ ಎಂದು ಇದರಷ್ಟು ಹತ್ತಿರದಿಂದ ತೋರಿಸಿದ ಕಾದಂಬರಿ ಕಡಿಮೆ. ಉಲು ದೇವರ ಪೂಜಾರಿ ಎಜೆಯುಲು, ಕಾಲ ಬದಲಾಗುತ್ತಿದೆ ಎಂದು ಗೊತ್ತಿದ್ದೇ ಒಬ್ಬ ಮಗನನ್ನು ಮಿಷನ್ ಶಾಲೆಗೆ ಕಳಿಸುತ್ತಾನೆ: ಹೋಗು, ಅಲ್ಲಿ ನನ್ನ ಕಣ್ಣಾಗಿರು. ಮಗ ಒಡುಚೆಗೆ ಹೊಸ ಮತದ ಹುರುಪು ಏರುತ್ತದೆ. ಹೆಬ್ಬಾವು ಅಲ್ಲಿ ದೇವರ ಹಾವು. ಅದನ್ನು ಕೊಂದು ತೋರಿಸಬೇಕು ಎಂದು ಹೊರಡುತ್ತಾನೆ. ಕೊಲ್ಲಲು ಮಾತ್ರ ಧೈರ್ಯ ಸಾಲದು. ಅದಕ್ಕೆ ಹಾವನ್ನು ತನ್ನ ಮರದ ಪೆಟ್ಟಿಗೆಯಲ್ಲಿ ತುಂಬಿ ಬೀಗ ಹಾಕುತ್ತಾನೆ. ಉಸಿರು ಕಟ್ಟಿ ತಾನಾಗೇ ಸತ್ತರೆ ಕೊಂದ ಪಾಪವೂ ಇಲ್ಲ! ಆದರೆ ಪೆಟ್ಟಿಗೆ ಅಲುಗಾಡಲು ಶುರುವಾಗುತ್ತದೆ. ಮನೆಯ ಹೆಂಗಸರು ಕಿರುಚುತ್ತಾರೆ. ಪೂಜಾರಿ ಅಪ್ಪನೇ ಬಂದು, ಊರವರೆಲ್ಲ ನೋಡುತ್ತಿದ್ದಂತೆ, ಮಗನ ಪೆಟ್ಟಿಗೆಯನ್ನು ಮೀಟಿ ತೆಗೆಯಬೇಕಾಗುತ್ತದೆ. ನಾಗರಹಾವು ಸತ್ತುಬಿದ್ದಿದ್ದು ಕಂಡರೆ ಮನುಷ್ಯರಿಗೆ ಮಾಡಿದ ಹಾಗೆ ಸಂಸ್ಕಾರ ಮಾಡುವ ನಮ್ಮ ಕರಾವಳಿ, ಮಲೆನಾಡಿನ ಓದುಗರಿಗೆ ಆ ಪೆಟ್ಟಿಗೆಯ ಮುಂದೆ ನಿಂತ ಅಪ್ಪನ ಎದೆಬಡಿತ ಬಿಡಿಸಿ ಹೇಳಬೇಕಾಗಿಲ್ಲ.

ಈ ಕಾದಂಬರಿಯ ಇನ್ನೊಂದು ಎಳೆ ರಾಜಕೀಯದ್ದು. ಬಹುಪಾಲು ಇಗ್ಬೊ ಊರುಗಳಲ್ಲಿ ರಾಜ ಇರಲಿಲ್ಲ. ಇಗ್ಬೊಗೆ ರಾಜನಿಲ್ಲ ಎಂದು ಅವರೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಊರ ಸಭೆ, ವಯಸ್ಸಿನ ಗುಂಪುಗಳು, ಬಿರುದು ಪಡೆದ ಹಿರಿಯರು, ತವರಿನ ಹೆಣ್ಣುಮಕ್ಕಳ ಕೂಟ, ಹೀಗೆ ಅಧಿಕಾರ ಹಂಚಿಹೋಗಿತ್ತು. ಬ್ರಿಟಿಷರಿಗೆ ಇದು ತಲೆನೋವು. ಅವರಿಗೆ ಕಂದಾಯ ವಸೂಲಿಗೆ, ಆಜ್ಞೆ ಸಾರಲು ಒಬ್ಬ ಮುಖ್ಯಸ್ಥ ಬೇಕು. ಇಲ್ಲದ ಕಡೆ ಒಂದು ಕಾಗದ ಕೊಟ್ಟು ಮುಖ್ಯಸ್ಥನನ್ನು ತಯಾರು ಮಾಡಿದರು. ವಾರಂಟ್ ಚೀಫ್ ಎಂದೇ ಅವರ ಹೆಸರು. ಕಾದಂಬರಿಯ ಎಜೆಯುಲು ಆ ಪಟ್ಟ ಬೇಡ ಎನ್ನುತ್ತಾನೆ. ಬಂಧಿಸಿ ಕೂರಿಸುತ್ತಾರೆ. ಅಮಾವಾಸ್ಯೆ ಕಳೆದು ಹೊಸ ಚಂದ್ರ ಕಂಡಾಗಲೆಲ್ಲ ದೇವರ ಗೆಡ್ಡೆ ಒಂದನ್ನು ತಿಂದು ತಿಂಗಳು ಎಣಿಸುವುದು ಅವನ ಕೆಲಸ. ಬಂಧನದಲ್ಲಿ ಎರಡು ತಿಂಗಳ ಲೆಕ್ಕ ತಪ್ಪುತ್ತದೆ. ವಾಪಸ್ ಬಂದವನು ತಪ್ಪಿದ ಗೆಡ್ಡೆಗಳನ್ನು ಒಟ್ಟಿಗೆ ತಿನ್ನಲು ಒಪ್ಪುವುದಿಲ್ಲ. ಲೆಕ್ಕ ಮುಗಿಯದೆ ಕಟಾವಿಲ್ಲ. ಬೆಳೆ ನೆಲದಲ್ಲೇ ಕೊಳೆಯುತ್ತದೆ, ಮಕ್ಕಳು ಹಸಿಯುತ್ತಾರೆ. ಆಗ ಚರ್ಚಿನವರು, ನಮ್ಮ ದೇವರಿಗೆ ಒಂದು ಗೆಡ್ಡೆ ಕೊಟ್ಟು ಕಿತ್ತುಕೊಳ್ಳಿ, ಉಲು ನಿಮ್ಮ ಕೂದಲೂ ಕೊಂಕಿಸಲಾರ ಎಂದು ಕರೆಯುತ್ತಾರೆ. ಜನ ಹೋಗುತ್ತಾರೆ. ಜಗತ್ತಿನ ಎಷ್ಟೋ ಮತಾಂತರಗಳಿಗೆ ಇಷ್ಟು ಸರಳವಾದ, ಹೊಟ್ಟೆಯ ಲೆಕ್ಕದ ಕಾರಣ ಇದ್ದಿರಬಹುದು ಅಲ್ವಾ?

ಆ ವಾರಂಟ್ ಚೀಫ್‌ಗಳಿಗೆ ಪೆಟ್ಟು ಕೊಟ್ಟವರು ಹೆಂಗಸರು. 1929ರ ನವೆಂಬರ್‌ನಲ್ಲಿ ಒಲೊಕೊ ಎಂಬ ಊರಲ್ಲಿ, ತಲೆ ಎಣಿಸಲು ಬಂದವನು ನ್ವಾನ್ಯೆರುವಾ ಎಂಬಾಕೆಗೆ ನಿನ್ನ ಮೇಕೆ, ಕುರಿ, ಜನರನ್ನು ಎಣಿಸು ಎಂದ. ನಿನ್ನ ಅಮ್ಮನನ್ನು ಎಣಿಸಿದ್ದರೇನು ಎಂದು ಆಕೆ ತಿರುಗಿ ಕೇಳಿದಳು. ಹೆಂಗಸರ ಮೇಲೂ ತೆರಿಗೆ ಬೀಳುತ್ತದೆ ಎಂಬ ಸುದ್ದಿ ಸಂತೆಯಿಂದ ಸಂತೆಗೆ ಹರಡಿತು. ಸಾವಿರಾರು ಹೆಂಗಸರು ಚೀಫ್‌ಗಳ ಮನೆ ಮುಂದೆ ಕೂತು ಹಾಡಿ, ಕುಣಿದು, ಬೈದು ಮಾನ ಕಳೆದರು. ತಪ್ಪು ಮಾಡಿದ ಗಂಡಸಿಗೆ ಹೀಗೆ ಮಾಡುವುದು ಅವರ ಹಳೆಯ ಪದ್ಧತಿ. ಪೊಲೀಸರ, ಸೈನಿಕರ ಗುಂಡಿಗೆ 50ಕ್ಕೂ ಹೆಚ್ಚು ಹೆಂಗಸರು ಸತ್ತರು.

ಅಚೆಬೆಯ ಮೊದಲ ಪುಸ್ತಕದಲ್ಲಿ ಇಂಥ ಹೆಂಗಸರು ಕಾಣುವುದಿಲ್ಲ. ಈ ದೂರು ನ್ಯಾಯವಾದದ್ದೇ. ಉತ್ತರ ಕೊಟ್ಟವರು ಮುಂದಿನ ಲೇಖಕಿಯರು. ಫ್ಲೋರಾ ನ್ವಾಪಾ 1966ರಲ್ಲಿ 'ಎಫುರು' ಬರೆದರು. ಅವರ ಊರು ಒಗುಟಾದಲ್ಲಿ ದೊಡ್ಡ ಕೆರೆ ಇದೆ. ಆ ಕೆರೆಯ ದೇವತೆ ಉಹಮಿರಿ ಹಣ ಕೊಡುತ್ತಾಳೆ, ಚೆಲುವು ಕೊಡುತ್ತಾಳೆ, ಮಕ್ಕಳನ್ನು ಕೊಡುವುದಿಲ್ಲ. ಎರಡು ಮದುವೆ ಮುರಿದು, ಇದ್ದ ಒಬ್ಬಳೇ ಮಗಳನ್ನು ಕಳಕೊಂಡ ವ್ಯಾಪಾರಗಾರ್ತಿ ಎಫುರು ಆ ದೇವತೆಯ ಒಕ್ಕಲಾಗುತ್ತಾಳೆ. ತಾಯ್ತನದ ಸುಖವೇ ಕಾಣದ ದೇವಿಯನ್ನು ಹೆಂಗಸರು ಯಾಕೆ ಪೂಜಿಸುತ್ತಾರೆ ಎಂಬ ಪ್ರಶ್ನೆಯಲ್ಲಿ ಪುಸ್ತಕ ನಿಲ್ಲುತ್ತದೆ. ಹದಿಮೂರು ವರ್ಷಗಳ ನಂತರ ಬುಚಿ ಎಮೆಚೆಟಾ ಅದೇ ಮಾತನ್ನು ಎತ್ತಿಕೊಂಡು ತಮ್ಮ ಕಾದಂಬರಿಗೆ ಹೆಸರಿಟ್ಟರು: 'ದಿ ಜಾಯ್ಸ್ ಆಫ್ ಮದರ್‌ಹುಡ್'. ಅದರ ನ್ನು ಎಗೊ ಹೆತ್ತು ಹೆತ್ತು ಸವೆಯುತ್ತಾಳೆ, ಲಾಗೋಸ್‌ನಲ್ಲಿ ಸೌದೆ, ಸಿಗರೇಟು ಮಾರಿ ಮಕ್ಕಳನ್ನು ಓದಿಸುತ್ತಾಳೆ, ಕೊನೆಗೆ ರಸ್ತೆ ಬದಿಯಲ್ಲಿ ಒಬ್ಬಳೇ ಸಾಯುತ್ತಾಳೆ. ಆಮೇಲೆ ಗಂಡುಮಕ್ಕಳು ಬಂದು ಊರೇ ಬೆರಗಾಗುವಂತೆ ತಿಥಿ ಮಾಡುತ್ತಾರೆ. ಗುಡಿಯನ್ನೂ ಕಟ್ಟುತ್ತಾರೆ. ಮಕ್ಕಳು ಬೇಕೆಂದು ಅಲ್ಲಿಗೆ ಹರಕೆ ಹೊತ್ತು ಬಂದವರಿಗೆ ಅವಳು ವರ ಕೊಡುವುದಿಲ್ಲ! ಇಗ್ಬೊ ನಂಬಿಕೆಯ ಒಳಗೇ ನಿಂತು ಅದಕ್ಕೆ ಕೊಟ್ಟ ಇಂಥ ಏಟನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇದು ಪುಸ್ತಕದ ಜಗಳ ಮಾತ್ರ ಅಲ್ಲ. ಹೆಣ್ಣುಮಕ್ಕಳಿಗೆ ಅಪ್ಪನ ಆಸ್ತಿಯಲ್ಲಿ ಪಾಲಿಲ್ಲ ಎಂಬ ಇಗ್ಬೊ ಕಟ್ಟಳೆ ಸಂವಿಧಾನಕ್ಕೆ ವಿರುದ್ಧ ಎಂದು ನೈಜೀರಿಯಾದ ಸುಪ್ರೀಂ ಕೋರ್ಟ್ 2014ರ ಏಪ್ರಿಲ್‌ನಲ್ಲಿ ತೀರ್ಪು ಕೊಟ್ಟಿತು. ಎಮೆಚೆಟಾ ಪುಸ್ತಕ ಬಂದು ಅಷ್ಟರಲ್ಲಿ 35 ವರ್ಷ. ತೀರ್ಪು ಬಂದ ಮಾತ್ರಕ್ಕೆ ಪಾಲು ಕೈಗೆ ಬರುವುದಿಲ್ಲ ಎಂಬುದು ಬೇರೆ ಮಾತು. ಅಣ್ಣತಮ್ಮಂದಿರಿಗೆ ಹಕ್ಕು ಬಿಟ್ಟುಕೊಟ್ಟೆ ಎಂದು ಸಹಿ ಹಾಕುವ ಅಕ್ಕತಂಗಿಯರನ್ನು ನಾವು ನಮ್ಮ ಸಬ್ ರಿಜಿಸ್ಟ್ರಾರ್ ಕಚೇರಿಗಳಲ್ಲೂ ನೋಡಿದ್ದೇವೆ.

ಒಸು ಪದ್ಧತಿಯ ಕತೆಯೂ ಹೀಗೆಯೇ. ಹಿಂದೆ ದೇವರಿಗೆ ಬಿಟ್ಟವರು ಒಸು. ಅವರು ದೇವರ ಸೊತ್ತು. ಹಾಗಾಗಿ ಕೂದಲು ಕತ್ತರಿಸುವಂತಿಲ್ಲ, ಊರವರ ಜೊತೆ ಮದುವೆ ಇಲ್ಲ, ಸತ್ತರೂ ಊರವರ ಜೊತೆ ಮಣ್ಣಿಲ್ಲ. ಆ ಕಳಂಕ ಮಕ್ಕಳು, ಮೊಮ್ಮಕ್ಕಳಿಗೂ ಇಳಿಯುತ್ತದೆ. ಪೂರ್ವ ನೈಜೀರಿಯಾದ ಶಾಸನಸಭೆ 1956ರಲ್ಲಿ ಕಾನೂನು ಮಾಡಿ ಇದನ್ನು ರದ್ದು ಮಾಡಿತು. ನಾಲ್ಕು ವರ್ಷದ ನಂತರ ಬಂದ ಅಚೆಬೆಯ ಎರಡನೇ ಕಾದಂಬರಿಯಲ್ಲಿ, ಇಂಗ್ಲೆಂಡಿನಲ್ಲಿ ಓದಿ ಬಂದ ಒಬಿ ತಾನು ಮದುವೆಯಾಗಬೇಕೆಂದಿರುವ ಕ್ಲಾರಾ ಒಸು ಎಂದು ಮನೆಯಲ್ಲಿ ಹೇಳುತ್ತಾನೆ. ಅಪ್ಪ ಜೀವಮಾನವಿಡೀ ಚರ್ಚಿಗೆ ದುಡಿದವರು. ಅವರೂ ಬೇಡ ಎನ್ನುತ್ತಾರೆ. ಅಮ್ಮನಂತೂ, ನಾನು ಬದುಕಿರುವಾಗ ಆದರೆ ಪ್ರಾಣ ಕಳಕೊಳ್ಳುತ್ತೇನೆ ಎನ್ನುತ್ತಾಳೆ. ಮತ ಬದಲಾಯಿತು, ಹುಡುಗಿ ನೋಡುವ ಲೆಕ್ಕ ಬದಲಾಗಲಿಲ್ಲ. ಇವತ್ತಿಗೂ ಇಗ್ಬೊ ಮನೆಗಳಲ್ಲಿ ಮದುವೆ ಮಾತು ಬಂದಾಗ 'ವಿಚಾರಿಸಿಕೊಂಡು ಬರುವ' ಪದ್ಧತಿ ಇದೆ. ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಸಂಪ್ರದಾಯವನ್ನು ಬರೀ ಬೈಯುತ್ತಾರೆ ಎಂದು ಅಂದುಕೊಳ್ಳಬೇಡಿ. ಚಿಮಮಂಡಾ ಅಡಿಚಿ ಅವರ 2003ರ 'ಪರ್ಪಲ್ ಹೈಬಿಸ್ಕಸ್' ವಾದವನ್ನು ಇನ್ನೊಂದು ಕಡೆಗೆ ತಿರುಗಿಸಿತು. ಶ್ರೀಮಂತ ಕ್ಯಾಥೊಲಿಕ್ ಅಪ್ಪ ಯೂಜೀನ್ ಊಟಕ್ಕೆ ಮುಂಚೆ ಇಪ್ಪತ್ತು ನಿಮಿಷ ಪ್ರಾರ್ಥನೆ ಮಾಡುವವನು. ಹಳೆಯ ದೇವರನ್ನು ಬಿಡದ ತನ್ನ ಹೆತ್ತ ಅಪ್ಪನನ್ನು ಮನೆಯೊಳಗೆ ಸೇರಿಸುವುದಿಲ್ಲ. ಅಜ್ಜನ ಮನೆಯಲ್ಲಿ ಮಕ್ಕಳು ಹದಿನೈದು ನಿಮಿಷಕ್ಕಿಂತ ಹೆಚ್ಚು ಇರುವಂತಿಲ್ಲ. ಒಂದು ಬೆಳಗ್ಗೆ ಎನ್‌ಸುಕ್ಕಾದ ಅತ್ತೆಯ ಮನೆಯಲ್ಲಿ, ಹುಡುಗಿ ಕಂಬಿಲಿ ಕದ್ದು ನೋಡುತ್ತಾಳೆ. ಅಜ್ಜ ವರಾಂಡದಲ್ಲಿ ಕೂತು ಬಿಳಿ ಸುಣ್ಣದ ಕಡ್ಡಿಯಿಂದ ನೆಲದ ಮೇಲೆ ಗೆರೆ ಎಳೆಯುತ್ತಿದ್ದಾರೆ. ದೇವರ ಜೊತೆ ಪಕ್ಕದ ಮನೆಯವರ ಜೊತೆ ಮಾತಾಡಿದ ಹಾಗೆ ಮಾತಾಡುತ್ತಿದ್ದಾರೆ. ನಾನು ಯಾರಿಗೂ ಕೆಟ್ಟದ್ದು ಮಾಡಿಲ್ಲ, ಮಕ್ಕಳನ್ನು ಕಾಪಾಡು ಎನ್ನುತ್ತಾರೆ. ತನ್ನನ್ನು ದೂರವಿಟ್ಟ ಮಗನ ಹೆಸರು ಹೇಳಿಯೂ ಬೇಡಿಕೊಳ್ಳುತ್ತಾರೆ. ಮುಗಿದ ಮೇಲೆ ಅವರ ಮುಖದಲ್ಲಿ ನಗು ಇರುತ್ತದೆ. ತಮ್ಮ ಮನೆಯಲ್ಲಿ ಜಪಸರ ಮುಗಿದ ಮೇಲೆ ಯಾರೂ ನಗುವುದಿಲ್ಲ ಎಂದು ಕಂಬಿಲಿಗೆ ಹೊಳೆಯುತ್ತದೆ.

ಹೊಸ ತಲೆಮಾರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಪ್ರತಿಯೊಬ್ಬರ ಜೊತೆಗೂ ಹುಟ್ಟಿನಿಂದಲೇ ಒಂದು ಚಿ ಇರುತ್ತದೆ ಎನ್ನುತ್ತದೆ ಇಗ್ಬೊ ನಂಬಿಕೆ. ಜೊತೆದೈವ ಅನ್ನಬಹುದು, ಪೂರ್ತಿ ಸರಿಹೋಗುವುದಿಲ್ಲ. ಚಿಗೊಜಿ ಒಬಿಯೊಮಾ 2019ರಲ್ಲಿ ಬರೆದ 'ಆ್ಯನ್ ಆರ್ಕೆಸ್ಟ್ರಾ ಆಫ್ ಮೈನಾರಿಟೀಸ್' ಕಾದಂಬರಿಯನ್ನು ಹೇಳುವುದೇ ನಾಯಕನ ಚಿ. ದೇವರ ಕೋರ್ಟಿನಲ್ಲಿ ನಿಂತು ತನ್ನ ಮನುಷ್ಯನ ಪರ ವಕಾಲತ್ತು ಮಾಡುತ್ತದೆ. ಅಕ್ವೇಕೆ ಎಮೆಜಿ ಅವರ 2018ರ 'ಫ್ರೆಶ್‌ವಾಟರ್' ಕತೆಯನ್ನು ಒಗ್ಬಂಜೆಗಳು ಹೇಳುತ್ತವೆ. ಒಗ್ಬಂಜೆ ಎಂದರೆ ಹುಟ್ಟಿ, ಸತ್ತು, ಅದೇ ತಾಯಿಯ ಹೊಟ್ಟೆಯಲ್ಲಿ ಮತ್ತೆ ಹುಟ್ಟಿ ಸತಾಯಿಸುವ ಮಗು. ಇದನ್ನು ಬರೀ ಮನೋರೋಗದ ರೂಪಕ ಎಂದು ಓದಿದರೆ ಎಮೆಜಿ ಒಪ್ಪುವುದಿಲ್ಲ. ವೈದ್ಯರು ಒಗ್ಬಂಜೆ ನಂಬಿಕೆಯ ಹಿಂದೆ ಕುಡಗೋಲು ಕಣ ರಕ್ತಹೀನತೆಯನ್ನು ನೋಡುತ್ತಾರೆ. ಒಂದೇ ಮನೆಯಲ್ಲಿ ಮಗುವಿನ ಮೇಲೆ ಮಗು ಸಾಯುವ ಕಾಯಿಲೆ ಅದು, ನೈಜೀರಿಯಾದಲ್ಲಿ ಬಹಳ. ಅಂಥ ಮನೆಗಳಲ್ಲಿ ಮಕ್ಕಳಿಗಿಟ್ಟ ಹೆಸರುಗಳನ್ನು ನೋಡಿ: ಒಜೊಯೆಮೆನಾ, 'ಇನ್ನೊಮ್ಮೆ ಹೀಗಾಗದಿರಲಿ'. ಒನ್ವುಂಬಿಕೊ, 'ಸಾವೇ, ಕೈ ಮುಗಿಯುತ್ತೇನೆ'. ಸಾವಿನ ಕಣ್ಣಿಗೆ ಬೀಳದಿರಲಿ ಎಂದು ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ ತಿಪ್ಪಯ್ಯ, ತಿಪ್ಪಮ್ಮ ಎಂದು ಕರೆದವರ ಮೊಮ್ಮಕ್ಕಳು ನಾವು.

ಭಾಷೆಯ ಪ್ರಶ್ನೆಗೆ ಕೊನೆಗೂ ಬರಲೇಬೇಕು. ಇಷ್ಟೆಲ್ಲ ಇಂಗ್ಲಿಷಿನಲ್ಲಿ ಯಾಕೆ? 1962ರಲ್ಲಿ ಕಂಪಾಲಾದ ಮಕೆರೆರೆಯಲ್ಲಿ ಆಫ್ರಿಕಾದ ಇಂಗ್ಲಿಷ್ ಲೇಖಕರು ಸೇರಿದ್ದರು. ಮರುವರ್ಷವೇ ನೈಜೀರಿಯಾದ ವಿಮರ್ಶಕ ಒಬಿ ವಾಲಿ, ಈ ದಾರಿ ಮುಂದೆ ಹೋಗುವುದಿಲ್ಲ ಎಂದು ಬರೆದರು. ಕೀನ್ಯಾದ ಎನ್‌ಗೂಗಿ ವಾ ಥಿಯಾಂಗೊ ಮುಂದೆ ಇಂಗ್ಲಿಷ್ ಬಿಟ್ಟು ತಮ್ಮ ತಾಯಿಭಾಷೆ ಗಿಕುಯುವಿನಲ್ಲಿ ಕಾದಂಬರಿ ಬರೆದರು. ಅಚೆಬೆ ಬಿಡಲಿಲ್ಲ. ಬಿಡದ್ದಕ್ಕೆ ಕಾರಣ ಇಂಗ್ಲಿಷ್ ಮೇಲಿನ ಮೋಹ ಮಾತ್ರ ಎನ್ನಲಾಗದು. ಬರಹದ ಇಗ್ಬೊವನ್ನು ಮಿಷನ್ನಿನವರು ಬೈಬಲ್ಲಿಗಾಗಿ ಹಲವು ಊರಿನ ಮಾತು ಬೆರೆಸಿ ತಯಾರಿಸಿದ್ದರು. 1913ರಲ್ಲಿ ಬಂದ ಆ ಭಾಷೆ ಯಾರ ಮನೆಯ ಮಾತೂ ಆಗಿರಲಿಲ್ಲ. ಅಚೆಬೆಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. 1999ರಲ್ಲಿ ಒವೆರಿಯಲ್ಲಿ ಅವರು ಇಗ್ಬೊದಲ್ಲೇ ದೊಡ್ಡ ಉಪನ್ಯಾಸ ಕೊಟ್ಟರು, ತಮ್ಮ ಊರಿನ ಮಾತಿನಲ್ಲಿ. ಆಮೇಲೆ ಅದೂ ಜಗಳಕ್ಕೆ ಕಾರಣವಾಯಿತು.

ಇಗ್ಬೊದಲ್ಲಿ ಕಾದಂಬರಿ ಇಲ್ಲವೆಂದಲ್ಲ. ಪಿಟಾ ನ್ವಾನಾ ಬರೆದ 'ಒಮೆನುಕೊ' 1933ರಷ್ಟು ಹಿಂದೆಯೇ ಬಂದಿದೆ. ಆದರೆ ನಗರದ ಇಗ್ಬೊ ಮನೆಗಳಲ್ಲಿ ಮಕ್ಕಳ ಜೊತೆ ಇಂಗ್ಲಿಷಿನಲ್ಲೇ ಮಾತಾಡುವುದು ಹೆಚ್ಚುತ್ತಿದೆ. ತಾಯಿಭಾಷೆಯ ಗಾದೆಯನ್ನು ಇಂಗ್ಲಿಷ್ ಪುಸ್ತಕದಿಂದ ಕಲಿಯುವ ಹುಡುಗರಿದ್ದಾರೆ. 1958ರಲ್ಲಿ ಯಾರೂ ಊಹಿಸದ ತಿರುವು ಇದು.

ಒಂದು ಮಾತು ಎಂಬಾರಿ ಬಗ್ಗೆ. ಒವೆರಿ ಸೀಮೆಯಲ್ಲಿ ಭೂದೇವಿಗೆ ಮಣ್ಣಿನ ದೊಡ್ಡ ಮನೆ ಕಟ್ಟಿ, ತುಂಬ ಬೊಂಬೆಗಳನ್ನು ಕೂರಿಸುತ್ತಿದ್ದರು. ಅದೇ ಎಂಬಾರಿ. ದೇವರು, ಪ್ರಾಣಿ, ಹೆರಿಗೆಯ ಹೆಂಗಸು ಎಲ್ಲ ಇರುತ್ತಿತ್ತು. ಬಿಳಿಯ ಅಧಿಕಾರಿ ಬಂದ ಮೇಲೆ ಅವನಿಗೂ ಟೋಪಿ ಹಾಕಿಸಿ ಒಂದು ಜಾಗ ಕೊಟ್ಟರು. ಕಟ್ಟಲು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಹಿಡಿಯುತ್ತಿತ್ತು. ಮುಗಿದ ಮೇಲೆ ಯಾರೂ ದುರಸ್ತಿ ಮಾಡುತ್ತಿರಲಿಲ್ಲ. ಮಳೆಗೆ ಕರಗಲು ಬಿಟ್ಟುಬಿಡುತ್ತಿದ್ದರು. ದೇವಿಗೆ ಮತ್ತೆ ಬೇಕೆನಿಸಿದರೆ ಹೊಸದನ್ನು ಕಟ್ಟುವುದು.

ಆ ಟಿವಿ ಸರಣಿ ಬರುವುದೇ ಆದರೆ, ಒಕೊಂಕ್ವೊ ಯಾರು ಎಂಬುದು ನನಗೆ ಅಷ್ಟು ಮುಖ್ಯವಲ್ಲ. ಶುರುವಿನಲ್ಲೇ ಒಂದು ದೃಶ್ಯ ಬರುತ್ತದೆ. ಅವನ ಅಪ್ಪ, ಸಾಲಗಾರ ಉನೊಕಾ, ಕೊಟ್ಟ ಸಾಲ ವಾಪಸ್ ಕೇಳಲು ಬಂದವನ ಮುಂದೆ ಕೋಲಾ ತಟ್ಟೆ ಇಡುತ್ತಾನೆ. ನೀನು ಒಡಿ, ಇಲ್ಲ ನೀನೇ ಒಡಿ ಎಂದು ಇಬ್ಬರೂ ಸ್ವಲ್ಪ ಹೊತ್ತು ಒತ್ತಾಯ ಮಾಡಿಕೊಳ್ಳುತ್ತಾರೆ. ಆಮೇಲೆ ಉನೊಕಾ ಹಿರೀಕರನ್ನು ಕರೆದು ಬೇಡಿಕೊಂಡು ಕಾಯಿ ಒಡೆಯುತ್ತಾನೆ. ಆಗ ಅವನ ಬಾಯಲ್ಲಿ ಯಾವ ಭಾಷೆ ಕೇಳಿಸುತ್ತದೆ ಎಂದು ನೋಡಬೇಕು.